ಪಾಳಿಯಲ್ಲಿ ನಿಲ್ಲದ ಲೋಕಗಳು

ನನ್ನ ಗಿರಣಿಯ ಹಿಟ್ಟಿನ ಬಗ್ಗೆ ನನಗೆ ಸ್ವಲ್ಪ ಸೊಕ್ಕಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೀಸುವ ಎರಡು ಕಲ್ಲುಗಳ ನಡುವಿನ ಸಂದು ಕೂದಲೆಳೆಯಷ್ಟು ಹೆಚ್ಚಾದರೆ ನುಚ್ಚು ಬೀಳುತ್ತದೆ, ಕಡಿಮೆಯಾದರೆ ಹಿಟ್ಟು ಕಮರುತ್ತದೆ. ಜೋಳದ ರೊಟ್ಟಿ ಹರಿಯದೆ ಬಡಿಯಲು ಬರುವುದು ಇವೆರಡರ ನಡುವಿನ ಒಂದೇ ಹದಕ್ಕೆ. ಆ ಹದ ನನ್ನ ಬೆರಳಿಗೆ ಗೊತ್ತು. ಏಳನೆಯ ತರಗತಿಗೇ ಶಾಲೆ ಬಿಟ್ಟವನಿಗೆ ಇಷ್ಟಾದರೂ ಸೊಕ್ಕು ಬೇಡವೇ?

ಮಳೆ ಎರಡನೆಯ ವರ್ಷವೂ ಕೈಕೊಟ್ಟಿತ್ತು. ಬೀದರಿನಲ್ಲಿ ವಿಜ್ಞಾನ ಓದುತ್ತಿದ್ದ ಮಗಳು ಸುಜಾತಾ ರಜೆಗೆಂದು ನಮ್ಮೂರು ಹಲಬರ್ಗಾಕ್ಕೆ ಬಂದವಳು ಗಿರಣಿಯಲ್ಲಿ ಕುಳಿತು ಹೇಳಿದಳು: ಈ ವಿಶ್ವವೂ ಇಂಥದೇ ಹದದ ಮೇಲೆ ನಿಂತಿದೆಯಂತೆ. ಉಳಿದ ಕಣಗಳಿಗೆ ತೂಕ ಬರಲು ಕಾರಣವಾದ ಒಂದು ಕಣವಿದೆಯಂತೆ. ಲೆಕ್ಕ ಹಿಡಿದರೆ ಅದು ಬೆಟ್ಟದಷ್ಟು ಭಾರವಿರಬೇಕು. ಆದರೆ ತಕ್ಕಡಿಯ ಎರಡು ತಟ್ಟೆಗಳಲ್ಲಿ ಎರಡು ಬೆಟ್ಟಗಳನ್ನಿಟ್ಟು, ನಡುವೆ ಒಂದು ಜೋಳದ ಕಾಳಿನಷ್ಟೇ ವ್ಯತ್ಯಾಸ ಉಳಿದ ಹಾಗೆ ಅದು ಹಗುರಾಗಿದೆ. ಹಾಗಾಗದಿದ್ದರೆ ನಕ್ಷತ್ರವಿಲ್ಲ, ನೀರಿಲ್ಲ, ನಾವಿಲ್ಲ.

"ಹಂಗಾದ್ರ ಹದಾ ಮಾಡ್ದಾಂವ ಒಬ್ಬ ಅದಾನ," ಎಂದೆ. ನನ್ನ ಕಸುಬಿನವನೊಬ್ಬ ಮೇಲಿದ್ದಾನೆಂದು ಒಳಗೊಳಗೇ ಹಿಗ್ಗು.

"ಎಲ್ಲಾರೂ ಹಂಗ ಅನ್ನಂಗಿಲ್ಲಪ್ಪಾ. ಲೆಕ್ಕ ಇಲ್ಲದಷ್ಟು ವಿಶ್ವ ಅದಾವ, ಒಂದೊಂದ್ರಾಗ ಒಂದೊಂದು ಹದಾ ಅಂತಾರ ಕೆಲವ್ರು. ಹದಾ ಕೆಟ್ಟಲ್ಲಿ ಕೇಳೋರೇ ಹುಟ್ಟಿಲ್ಲ. ಚಂದ ಬಂದಲ್ಲಿ ನಾವು ಹುಟ್ಟಿ, ಹ್ಯಾಂಗ ಇಷ್ಟ ಚಂದ ಬಂತು ಅಂತ ಕೇಳ್ಕೋತ ಕುಂತೀವಿ."

ನನಗೆ ಸಿಟ್ಟು ಬಂತು. ಇದು ಮೈಗಳ್ಳರ ಮಾತು. ಸಾವಿರ ಗಿರಣಿ ಹಾಕಿ, ಒಂದರಲ್ಲಿ ಹಿಟ್ಟು ಸರಿಬಿದ್ದರೆ ಹಾಕಿದವನನ್ನು ಗಿರಣಿಯವನೆನ್ನುತ್ತಾರೆಯೇ? ನನ್ನ ಕೈಗುಣ ತೋರಿಸಲು ಊರನ್ನೇ ಸಾಕ್ಷಿಗೆ ಕರೆದು, ಬಾಗಿಲಲ್ಲಿ ಸಾಲಾಗಿ ನಿಂತ ಬುಟ್ಟಿಗಳತ್ತ ಕೈ ತೋರಿಸಿದೆ. "ಮಂದಿ ಬರಗಾಲ ಬರಗಾಲ ಅಂತದ. ನನ್ನ ಗಿರಣಿ ಪಾಳಿ ನೋಡು, ಒಂದಾದ್ರೂ ಬುಟ್ಟಿ ಖಾಲಿ ಅದ ಏನು?"

ಸುಜಾತಾ ನಕ್ಕಳು. "ಜ್ವಾಳ ಇಲ್ದಾವ್ರು ಗಿರಣಿಗಿ ಯಾಕ ಬರ್ತಾರಪ್ಪಾ?"

ಗಿರಣಿ ನಿಲ್ಲಿಸಿದೆ. ಸಾಲನ್ನು ಮತ್ತೊಮ್ಮೆ ನೋಡಿದೆ, ಈ ಸಲ ಇಲ್ಲದವರನ್ನು ಹುಡುಕುತ್ತ. ಒರಳು, ಬೀಸುಗಲ್ಲು ಕೊರೆದು ಮಾರುವ ಒಂಟಿ ಹೆಂಗಸು ಗುಂಡಮ್ಮ ಗಿರಣಿಗೆ ಬಾರದೆ ತಿಂಗಳಾಗಿತ್ತು. ನನಗದು ತಿಳಿದೇ ಇರಲಿಲ್ಲ.

ಆ ಬೇರೆ ವಿಶ್ವಗಳಿಗೆ ಹೋಗಿ ನೋಡಲು ದಾರಿಯೇ ಇಲ್ಲವಂತೆ. ವಿಜ್ಞಾನಿಗಳ ಕಷ್ಟ ದೊಡ್ಡದು. ಗುಂಡಮ್ಮನ ಮನೆಗೆ ಎರಡೇ ಓಣಿ.

ಆಕೆ ಗಂಟು ಕಟ್ಟುತ್ತಿದ್ದಳು. ಒರಳು ಕೊಳ್ಳುವವರಿಲ್ಲ, ಬೆಳಿಗ್ಗೆ ಪುಣೆಗೆ ಕೂಲಿಯವರನ್ನು ಒಯ್ಯುವ ಟ್ರಕ್ಕು ಬರುತ್ತದೆ. ಪುಕ್ಕಟೆ ಹಿಟ್ಟು ಕೊಟ್ಟರೆ ಮುಖಕ್ಕೆ ಎಸೆಯುವವಳು. ಅವಳ ಸೊಕ್ಕು ನನ್ನದಕ್ಕಿಂತ ಒಂದು ಸೇರು ಹೆಚ್ಚು. ಹಾಗಾಗಿ ಮನೆಯವರಿಗೂ ಹೇಳದಿದ್ದ ನಿಜವನ್ನು ಅವಳ ಮುಂದೆ ಹೇಳಿದೆ: ಗಿರಣಿಯ ಕಲ್ಲು ಸವೆದಿದೆ, ಅದಕ್ಕೆ ಉಳಿಯಿಂದ ಗೀರು ಹೊಡೆಯಲು ನನ್ನ ಕಣ್ಣು ಸಾಲುತ್ತಿಲ್ಲ.

"ಯಾರಿಗೂ ಕಲ್ಲ ಮುಟ್ಟಗೊಡಂಗಿಲ್ಲ ನೀವು. ಇವತ್ತ ಹೊತ್ತ ಯಾವ ಕಡಿ ಹುಟ್ಯದರಿ ಅಣ್ಣಾ?"

"ದಿನಾ ಹುಟ್ಟೋ ಕಡಿನೇ. ಉಳಿ ತಗೊಂಡ್ ನಡಿ."

ಸಂಜೆಯೊಳಗೆ ಗೀರು ಹೊಡೆದು ಮುಗಿಸಿದಳು. ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದೆ, ನನ್ನದಕ್ಕಿಂತ ನಯವಾಗಿತ್ತು. ಅದನ್ನು ಮಾತ್ರ ಹೇಳಲಿಲ್ಲ. ಕೂಲಿ ಕೊಟ್ಟು, ನಮ್ಮದೇ ತಾಲೂಕಿನ ಸಾಯಗಾಂವದ ಗಿರಣಿಯವನ ಕಲ್ಲೂ ಸವೆದಿದೆ ಎಂದಷ್ಟೇ ಹೇಳಿದೆ.

ಬೆಳಿಗ್ಗೆ ಟ್ರಕ್ಕು ಹಾರ್ನ್ ಹೊಡೆದು ಹೋಯಿತು. ಗುಂಡಮ್ಮ ಉಳಿಯ ಚೀಲ ಹೆಗಲಿಗೇರಿಸಿ ಸಾಯಗಾಂವದ ಬಸ್ಸಿಗೆ ನಿಂತಿದ್ದಳು. ಆಕೆ ಪುಣೆಗೆ ಹೋಗಿಬಿಟ್ಟ ವಿಶ್ವವೂ ಎಲ್ಲೋ ಇರಬಹುದು ಎಂದಳು ಸುಜಾತಾ. ಇರಬಹುದು. ಅಲ್ಲಿ ನನ್ನ ಮಗಳು ರಜೆಗೆ ಊರಿಗೆ ಬಂದಿರಲಿಕ್ಕಿಲ್ಲ.