ಕೆಸುವಿನ ತೊಟ್ಟು

ಕಾಂತಪ್ಪನ ಕಾಲಿಗೆ ಚಕ್ರ. ತಮಿಳು ಸೀಮೆಯ ಕೀಲ್ಪಾಕಿನ ನಮ್ಮ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅವನು ಬೇಯಿಸುತ್ತಾನೆ, ನಾನು ಬಡಿಸುತ್ತೇನೆ. ಸಾರು ಕುದಿಯುವಷ್ಟು ಹೊತ್ತು ಒಂದು ಕಡೆ ನಿಂತ ಮನುಷ್ಯನಲ್ಲ. ಕಳೆದ ಆಷಾಢದಿಂದಂತೂ ಅವನ ಚಡಪಡಿಕೆ ನೋಡಿ ನನಗೇ ತಲೆ ತಿರುಗುತ್ತಿತ್ತು.

ಆಗ ಒಂದು ಶನಿವಾರ, ಕೆಸುವಿನೆಲೆಗೆ ಹಿಟ್ಟು ಸವರಿ ಅವನು ಮಾಡಿದ ಪತ್ರೊಡೆ ತಿಂದು ದಿನಾ ಊಟಕ್ಕೆ ಬರುವ ಸತ್ಯಾತ್ಮ ಮೇಷ್ಟ್ರು ಗಂಟಲು ಹಿಡಿದುಕೊಂಡು ಎದ್ದರು. ಹಿಂದೆಯೇ ಇಡೀ ಸಾಲು ಎದ್ದಿತು. ಕುಂದಾಪುರದ ಆ ಕೈಗೆ ಅಂಥ ಅವಮಾನ ಎಂದೂ ಆಗಿರಲಿಲ್ಲ. ಎಲೆ ಮಾರುವ ಬೇಬಿ ಗಂಟಲು ತುರಿಸುವ ಕಾಡುಕೆಸು ಕೊಟ್ಟಳೆಂದು ಬೀದಿಯಲ್ಲೇ ಕೂಗಾಡಿದ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ನಮ್ಮ ಕಡೆಯವರೇ ಅಡುಗೆ ಮಾಡುವ ಇನ್ನೂ ಮೂರು ಹೋಟೆಲಿಗೆ ಹೋಗಿ, ಅವಳ ಹತ್ತಿರ ಎಲೆ ತೆಗೆದುಕೊಳ್ಳಬೇಡಿ ಎಂದ. ಯಾರೂ ತೆಗೆದುಕೊಳ್ಳಲಿಲ್ಲ. ಅವನೂ ಮತ್ತೆ ಪತ್ರೊಡೆ ಮಾಡಲಿಲ್ಲ.

ಈ ಆಷಾಢದಲ್ಲಿ ಧಣಿಗಳ ಮಗಳು ಅಶ್ವಿತಾ ಮೊಬೈಲು ಹಿಡಿದು ಅಡುಗೆಮನೆಗೆ ಬಂದಳು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವ ಹುಡುಗಿ. ಗಿಡದ ಭಾಗಗಳಿಗೆ ಊರಿನ ಹೆಸರು ಬೇಕಿತ್ತಂತೆ. ತೊಟ್ಟು, ನಾರು, ಅಂಚು, ಗೆಡ್ಡೆ ಎಂದು ಇವನು ಓಡಾಡುತ್ತಲೇ ಹೇಳುತ್ತಿದ್ದ. ಒಂದು ಫೋಟೋ ಕಂಡು ನಿಂತ. ಆ ಶನಿವಾರ ಅವಳು ತೆಗೆದದ್ದು, ಬೇಬಿ ಕೊಟ್ಟ ಅದೇ ಕಟ್ಟು. ಇದೇ ಆ ಹಾಳು ಕಾಡುಕೆಸು ಎಂದ.

“ಇಲ್ಲ ಕಾಂತಪ್ಪಣ್ಣ, ಇದು ಪೆಲ್ಟೇಟ್. ಕೊಡೆಗೆ ಕೋಲು ಇರೋ ಹಾಗೆ ತೊಟ್ಟು ಎಲೆ ಒಳಗೆ ಸೇರಿದೆ, ಪಾರುಂಗ, ನೋಡಿ. ಕಾಡುಕೆಸು ಆದ್ರೆ ಅಂಚಲ್ಲಿ ಸೀಳು ಇರೋ ಕಡೆಗೇ ಬಂದು ಸೇರ್ತಿತ್ತು.”

ಅವನು ಚಿತ್ರ ದೊಡ್ಡದು ಮಾಡಿ ನೋಡಿದ. ಎರಡನೆಯ ಎಲೆ, ಮೂರನೆಯದು, ಎಲ್ಲವೂ ಹಾಗೆಯೇ. ಒಳ್ಳೆಯ ಕೆಸುವೂ ಹುಣಸೆಹುಳಿ ಬೀಳದಿದ್ದರೆ ತುರಿಸುತ್ತದೆ. ಶನಿವಾರ ಅವನ ಒಪ್ಪತ್ತು, ಹಿಟ್ಟಿನ ರುಚಿ ನೋಡುವುದಿಲ್ಲ. ನೆನೆಹಾಕಿದ ಹುಳಿ ಮರುದಿನ ಪಾತ್ರೆಯಲ್ಲಿ ಹಾಗೇ ಇದ್ದದ್ದು, ಅದರಲ್ಲೇ ಸಾರು ಕುದಿಸಿದ್ದು ನನಗೂ ನೆನಪಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಕಿಚಾಯಿಸಲು ಬಾಯಿ ತೆರೆದವನು ಅವನ ಮುಖ ನೋಡಿ ಬಡಿಸುವ ಸೌಟು ಒರೆಸತೊಡಗಿದೆ.

ಒಲೆ ಆರಿಸಿ ಹೊರಟವನ ಹಿಂದೆ ನಾನೂ ಹೋದೆ. ಆಸ್ಪತ್ರೆಯ ಗೋಡೆ ಪಕ್ಕ ಬೇಬಿ ಕರಿಬೇವು ಮಾತ್ರ ಇಟ್ಟುಕೊಂಡು ಕೂತಿದ್ದಳು. ಎಲೆಯದು ತಪ್ಪಿರಲಿಲ್ಲ ಎಂದು ಇವನು ತಮಿಳಿನಲ್ಲಿ ತೊದಲಿದ. ಅವಳು ಸೊಪ್ಪಿಗೆ ನೀರು ಚಿಮುಕಿಸುವುದನ್ನು ನಿಲ್ಲಿಸದೆ, ನನಗೆ ಗೊತ್ತಿರುವುದನ್ನು ನನಗ್ಯಾಕೆ ಹೇಳುತ್ತೀಯ, ಆಗ ಯಾರಿಗೆ ಹೇಳಿದ್ದೆಯೋ ಅವರಿಗೆ ಹೋಗಿ ಹೇಳು ಎಂದಳು.

ಆ ಮೂರು ಹೋಟೆಲುಗಳಲ್ಲಿ ಹತ್ತಿರದ್ದರ ಹಿಂಬಾಗಿಲಿಗೆ ಹೋದೆವು. ಅಲ್ಲಿಯ ಮುಖ್ಯ ಅಡುಗೆಯವನು ರೂಪೇಶ್, ಇವನ ಕೈಕೆಳಗೇ ಪತ್ರೊಡೆ ಕಲಿತವನು. ಕೈ ಒರೆಸಿಕೊಳ್ಳುತ್ತ ನಗುನಗುತ್ತ ಹೊರಗೆ ಬಂದ. ಅವನ ಹಿಂದೆ ಇನ್ನಿಬ್ಬರು ಅಡುಗೆಯವರೂ ಬಂದು ನಿಂತರು. ಕಾಂತಪ್ಪ ಒಂದು ಸಲ ನನ್ನ ಕಡೆ ನೋಡಿದ.

“ಎಲಿ ಸಮಾ ಇದ್ದಿತ್ತ್ ಮಾರಾಯಾ. ಹುಳಿ ಹಾಕೂಕೆ ಮರ್ತದ್ ನಾನ್.”