ಹದಿನೇಳರ ಪಟ್ಟಿ

ಗಾಯಕ್ಕೆ ಅಂಟಿಸುವ ಬಿಳಿ ಬಟ್ಟೆಪಟ್ಟಿ ನಮ್ಮ ಮನೆಯಲ್ಲಿ ಗಾಯಕ್ಕಿಂತ ಬೆಳಕಿಗೇ ಹೆಚ್ಚು ಖರ್ಚಾಗುತ್ತದೆ. ಊರೂರಿನ ನಾಟಕಗಳಿಗೆ ಲೈಟು ಹಾಕುವುದು ನನ್ನ ಕಸುಬು. ಆ ಲೈಟುಗಳನ್ನು ಆಡಿಸುವ ಪೆಟ್ಟಿಗೆಯ ಮೇಲೆ, ಮೇಲಕ್ಕೂ ಕೆಳಕ್ಕೂ ಸರಿಸುವ ಇಪ್ಪತ್ತನಾಲ್ಕು ಗುಂಡಿಗಳಿವೆ. ಒಂದೊಂದರ ಕೆಳಗೂ ಪಟ್ಟಿಯ ತುಂಡೊಂದನ್ನು ಅಂಟಿಸಿ, ಯಾವ ಗುಂಡಿಗೆ ಯಾವ ದೀಪವೆಂದು ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತೇವೆ: ಸಿಂಹಾಸನ, ಎಡಗಡೆ ಕೆಂಪು, ವನ, ಮಳೆ ನೀಲಿ. ನಾಲ್ಕು ವರ್ಷಗಳಿಂದ ಹದಿನೇಳರ ಕೆಳಗೆ ಮಾತ್ರ ಪಟ್ಟಿ ಇರಲಿಲ್ಲ.

ಹೀಗೆ ದೀಪವನ್ನೂ ಗುಂಡಿಯನ್ನೂ ಹೊಂದಿಸುವ ಕೆಲಸಕ್ಕೆ ನಮ್ಮವರು ಪ್ಯಾಚಿಂಗ್ ಎನ್ನುತ್ತಾರೆ. ನನಗೆ ಅದು ನಾಮಕರಣದಂತೆ ಕಾಣುತ್ತದೆ, ಯಾವ ಕೂಗಿಗೆ ಯಾವ ದೀಪ ಓಗೊಡಬೇಕೆಂದು ಗೊತ್ತುಮಾಡುವುದಷ್ಟೇ ತಾನೆ. ಮಧುಗಿರಿ, ಶಿರಾ ಸೀಮೆಯಲ್ಲಿ ನಾಟಕ ರಾತ್ರಿಗೆ, ಈ ನಾಮಕರಣ ಮಟಮಟ ಮಧ್ಯಾಹ್ನಕ್ಕೆ. ಆ ಬಿಸಿಲಿನಲ್ಲಿ ದೀಪ ಹತ್ತಿದ್ದು ಕಣ್ಣಿಗೆ ತಿಳಿಯುವುದಿಲ್ಲವಾದ್ದರಿಂದ ಒಬ್ಬರು ಏಣಿ ಹತ್ತಿ ದೀಪದ ಮುಂದೆ ಅಂಗೈ ಹಿಡಿಯಬೇಕು, ಬಿಸಿ ತಾಗಿದರೆ "ಬಂತು" ಎನ್ನಬೇಕು. ಬೆಳಕನ್ನು ಕೈಯಿಂದ ನೋಡುವ ಜನ ನಾವು.

ಏಣಿಯ ಮೇಲೆ ನಮ್ಮನೆಯವರು, ಪೆಟ್ಟಿಗೆಯ ಮುಂದೆ ನಾನು. ಗಂಡನ ಹೆಸರು ಹಿಡಿದು ಕರೆಯಬಾರದ ಮನೆತನದವಳಿಗೆ ಇದೊಂದು ಅನುಕೂಲವೇ ಆಗಿತ್ತು: ಒಂದರಿಂದ ಇಪ್ಪತ್ತನಾಲ್ಕರವರೆಗೆ ಯಾವ ಅಂಕಿಯಿಂದ ಬೇಕಾದರೂ ಅವರನ್ನು ಕೂಗಬಹುದಿತ್ತು. ಆದರೆ ಅವರದೊಂದು ಹಟ. ದೆವ್ವ ಒಂದೇ ಸಲ ಕೂಗುತ್ತದೆ, ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ ಎಂದು ನಮ್ಮತ್ತೆ ಮಗನಿಗೆ ಕಲಿಸಿದ್ದರು.

"ಮೂರನೇ ಕೂಗಿಗೂ ಮುಂಚೆ ಓ ಅನ್ನಾಕಿಲ್ಲ ಕಣೇ ಜಯಾ. ಕೂಗಿದ್ದು ನೀನೇ ಅಂತ ನಂಗೆಂಗೆ ಗೊತ್ತಾಗ್ಬೇಕು?" ಎಂದು ಮೇಲಿನಿಂದ ನಗುತ್ತಿದ್ದರು. ನಾನು ಗೊಣಗಿಕೊಂಡೇ ಮೂರು ಸಲ ಕೂಗುತ್ತಿದ್ದೆ. ಅವರು ಓ ಎಂದರೆ ದೀಪ, ವೈರುಗಳಿಂದ ಕೈ ತೆಗೆದು ಅಂಗೈಯನ್ನು ದೂರದಲ್ಲಿ ಹಿಡಿದಿದ್ದಾರೆ ಎಂದರ್ಥ. ಆಮೇಲೆಯೇ ನಾನು ಗುಂಡಿ ಸರಿಸುತ್ತಿದ್ದದ್ದು.

ನಾಲ್ಕು ವರ್ಷದ ಹಿಂದೆ ಒಂದು ದಿನ, ಗೌಡಗೆರೆ ಕಡೆಯ ಒಂದು ಊರಿನಲ್ಲಿ ಹದಿನೇಳನೆಯ ದೀಪದ ಬಲ್ಬು ಕೆಟ್ಟಿತ್ತು, ಅವರು ಬಿಚ್ಚಿ ಬೇರೆ ಹಾಕುತ್ತಿದ್ದರು. ಎಲೆ ಹಾಕಿದೆ ಬನ್ನಿ ಎಂದು ಊರಿನವರು ಆಗಲೇ ಎರಡು ಸಲ ಬಂದು ಕರೆದಿದ್ದರು. ನನಗೂ ಹಸಿವು. "ಹದಿನೇಳು" ಎಂದೆ. ಮೇಲಿನಿಂದ ಮಾತಿಲ್ಲ. ಕೆಲಸ ಮುಗಿದಿರಬೇಕೆಂದುಕೊಂಡು ಗುಂಡಿ ಸರಿಸಿದೆ. ಕರೆಂಟು ಹೊಡೆದು ಏಣಿಯಿಂದ ಬಿದ್ದವರು ಮತ್ತೆ ಏಳಲಿಲ್ಲ.

ಗುಂಡಿ ಸರಿಸುವ ಮುಂಚೆ ಕೂಗಿದೆಯಾ ಎಂದು ಬಂದವರೆಲ್ಲ ಕೇಳಿದರು. ಮೂರು ಸಲ ಕೂಗಿದೆ ಎಂದೆ. ನಿಮ್ಮ ಮುಂದೆ ಸುಳ್ಳೇಕೆ, ನಾನು ಕೂಗಿದ್ದು ಒಂದೇ ಸಲ. ಅವರು ಸುಮ್ಮನಿದ್ದದ್ದು ತಮ್ಮ ನಿಯಮದಂತೆ. ಆ ಮೌನವನ್ನು ಒಪ್ಪಿಗೆಯೆಂದು ತಿಳಿದವಳು ನಾನು. ಅಂದು ದೆವ್ವ ಕೂಗುವಂತೆ ಕೂಗಿದವಳೂ ನಾನೇ.

ಈಗ ಏಣಿ ಹತ್ತುವವನು ಪಾವಗಡದ ಓಬಳೇಶ, ಮೊಮ್ಮಕ್ಕಳನ್ನು ಕಂಡ ಮನುಷ್ಯ. ಬಿಸಿ ತಾಗಿದೊಡನೆ "ಬಂತು" ಎನ್ನದೆ "ವಚ್ಚಿಂದಕ್ಕಾ!" ಎಂದು ತೆಲುಗಿನಲ್ಲೇ ಬೆಳಕನ್ನು ಬರಮಾಡಿಕೊಳ್ಳುತ್ತಾನೆ. ಹೋದ ತಿಂಗಳು ದೊಡ್ಡೇರಿ ಕಡೆ, ತಗಡಿನ ಮಾಡಿನ ರಂಗಮಂದಿರವೊಂದರಲ್ಲಿ, ಭೀಮನ ಪಾತ್ರದ ಯಜಮಾನರು ತಮ್ಮ ಗದೆಗೆ ಪ್ರತ್ಯೇಕ ಬೆಳಕು ಬೇಕೇ ಬೇಕೆಂದು ಪಟ್ಟು ಹಿಡಿದರು. ಉಳಿದ ಇಪ್ಪತ್ತಮೂರು ಗುಂಡಿಗಳೂ ಭರ್ತಿಯಾಗಿದ್ದವು.

"ಹದಿನೇಳು ಖಾಲಿ ಐತಲ್ಲಕ್ಕಾ, ಅದ್ಕೇ ಕೊಟ್ಬುಡು," ಎಂದ ಓಬಳೇಶ ಮೇಲೆ ದೀಪ ಕಟ್ಟಿ, ವೈರು ತರಲು ವ್ಯಾನಿನ ಕಡೆ ಹೋದ.

ಖಾಲಿ ಏಣಿ. ಆಚೆ ಬಿಸಿಲಿನಲ್ಲಿ ನಾಯಿಯೂ ಸುಳಿಯುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಹದಿನೇಳಕ್ಕೆ ಹೊಸ ದೀಪವನ್ನು ಹೊಂದಿಸಿ, ಅಭ್ಯಾಸಬಲದಿಂದ "ಹದಿನೇಳು" ಎಂದು ಕೂಗಿಬಿಟ್ಟೆ. ಎರಡನೆಯ ಸಲ ಕೂಗದೆ ಗುಂಡಿಯಿಂದ ಕೈ ತೆಗೆದೆ.

"ಜಯಾ."

ಏಣಿಯ ತುದಿಯಿಂದ ಬಂತು. ಓಬಳೇಶ ನನ್ನನ್ನು ಅಕ್ಕ ಎಂದಲ್ಲದೆ ಕರೆದವನಲ್ಲ. ಇನ್ನೊಂದು ಕೂಗಿಗೆ ಕಾದೆ, ಮತ್ತೊಂದಕ್ಕೆ ಕಾದೆ. ತಗಡು ಕಾದು ಚಟಗುಟ್ಟಿತೇ ಹೊರತು ಬೇರೆ ಸದ್ದಿಲ್ಲ. ಏಣಿ ಹತ್ತಿ, ವೈರೇ ಇಲ್ಲದ ಆ ದೀಪದ ಮುಂದೆ ಅಂಗೈ ಹಿಡಿದೆ. ಬಿಸಿಯಿತ್ತು. ಬೇಸಿಗೆಯಲ್ಲಿ ತಗಡಿನ ಕೆಳಗೆ ಯಾವುದು ತಾನೆ ಬಿಸಿಯಿರುವುದಿಲ್ಲ ಎನ್ನುತ್ತೀರಿ. ನಾನೂ ಹಾಗೇ ಸಮಾಧಾನ ಹೇಳಿಕೊಂಡೆ. ಆದರೆ ಪಕ್ಕದ ಹದಿನಾರರ ದೀಪ ತಣ್ಣಗಿತ್ತು.

ಒಂದೇ ಕೂಗಿಗೆ ಓಗೊಟ್ಟವರನ್ನು ಕೂಗಿದವರು ಕರೆದೊಯ್ಯುತ್ತಾರೆ ಎನ್ನುತ್ತಿದ್ದರು ಅತ್ತೆ. ನಿಯಮ ಪಾಲಿಸಿದವರು ಹೋದರು, ಮುರಿದವಳು ಉಳಿದೆ. ಇನ್ನು ನನಗೇಕೆ ಆ ನಿಯಮ? ಭಯವಾಗುತ್ತಿತ್ತು, ಆದರೂ ಏಣಿಯ ಮೇಲೆಯೇ ನಿಂತು "ಓ" ಎಂದೆ.

"ಯಾರ ತಾವ ಮಾತಾಡ್ತಿದ್ದೀಯಕ್ಕಾ?" ವೈರಿನ ಸುರುಳಿ ಹೊತ್ತ ಓಬಳೇಶ ಕೆಳಗೆ ನಿಂತಿದ್ದ.

"ಅವತ್ತು ನಾನು ಕೂಗಿದ್ದು ಒಂದೇ ಸಲ ಕಣೋ, ಓಬಳೇಶ."

ಅವನು ಸುರುಳಿಯನ್ನು ಕೆಳಗಿಟ್ಟು, ಎರಡೂ ಕೈಯಿಂದ ಏಣಿಯನ್ನು ಅದುಮಿ ಹಿಡಿದ. "ಇಳಿಯಕ್ಕಾ, ನಾನು ಹಿಡ್ಕಂಡಿವ್ನಿ," ಎಂದಷ್ಟೇ ಹೇಳಿದ.

ಹದಿನೇಳರ ಕೆಳಗೆ ಈಗ ಪಟ್ಟಿಯಿದೆ. ಅದರ ಮೇಲೆ ಗದೆ ಎಂದು ಬರೆಯಲಿಲ್ಲ, ನಾನು ಬಾಯಿಬಿಟ್ಟು ಎಂದೂ ಹೇಳದ ಹೆಸರೊಂದನ್ನು ಬರೆದೆ. ಎಷ್ಟೆಂದರೂ ಅದು ಗಾಯಕ್ಕೆ ಅಂಟಿಸುವ ಪಟ್ಟಿ. ತಿಂಗಳಾದರೂ ನನ್ನನ್ನು ಯಾರೂ ಕರೆದೊಯ್ದಿಲ್ಲ. ಆದರೆ ಪ್ರತಿದಿನ ಬೆಳಿಗ್ಗೆ ಪೆಟ್ಟಿಗೆ ತೆರೆದು ನೋಡಿದರೆ, ಇಪ್ಪತ್ತನಾಲ್ಕರಲ್ಲಿ ಆ ಒಂದು ಪಟ್ಟಿಯ ಅಂಚು ಮಾತ್ರ ಯಾರೋ ಉಗುರಿನಿಂದ ಎಬ್ಬಿಸಿದಂತೆ ಎದ್ದಿರುತ್ತದೆ. ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಾ ಓ ಎನ್ನುತ್ತೇನೆ, ಮೂರನೆಯ ಕೂಗಿಗೆ ಕಾಯದೆ.