ರಾಗಿಯ ಬೆನ್ನಿಗೆ ಬಿದ್ದ ಚಕ್ಕಲಿ ಹಿಟ್ಟು

ಚಕ್ಕಲಿ ಬಾಯಲ್ಲಿ ಕರಗಿಹೋಯಿತು.

ಯಲಹಂಕಕ್ಕೆ ಬಂದ ಮೊದಲ ಸಂಜೆ, ಮನೆ ಮಾಲೀಕರಾದ ಗೌರಮ್ಮ ತಟ್ಟೆಯಲ್ಲಿ ನಾಲ್ಕು ಚಕ್ಕುಲಿ ತಂದು ಕೊಟ್ಟಿದ್ದರು. ಜ್ವರ ಬಿಟ್ಟು ಎದ್ದವರ ಮುಖದ ಹಾಗೆ ಬಿಳಿಚಿಕೊಂಡಿದ್ದವು. ಕಚ್ಚಿದೆ. ಸದ್ದೇ ಬರಲಿಲ್ಲ. ನಾಲಿಗೆಯ ಮೇಲೆ ಬೆಣ್ಣೆಯ ಹಾಗೆ ಹರಡಿ ಇಲ್ಲವಾಯಿತು.

"ಹೆಂಗೈತೆ? ಬಾಯಿಗಿಟ್ರೆ ಕರಗ್ಬೇಕು ಕಣಮ್ಮ, ಅದು ಚಕ್ಕುಲಿ ಅಂದ್ರೆ" ಎಂದರು ಗೌರಮ್ಮ.

ನಮ್ಮ ಗದಗಿನಲ್ಲಿ ಕರಗುವುದು ಉಪ್ಪು, ಬೆಲ್ಲ. ಚಕ್ಕಲಿ ಕಟುಮ್ ಎನ್ನಬೇಕು. ಪಡಸಾಲೆಯಲ್ಲಿ ಕೂತವರು ತಿಂದದ್ದು ಎಷ್ಟನೆಯದು ಎಂದು ಅಡುಗೆಮನೆಯಲ್ಲಿದ್ದವರಿಗೆ ಸದ್ದಿನಿಂದಲೇ ತಿಳಿಯಬೇಕು. ಹಲ್ಲಿಲ್ಲದವರಿಗಾಗಿ ಮಾಡಿದ ತಿಂಡಿಯನ್ನು ಹಲ್ಲಿದ್ದವರೆಲ್ಲ ಹೊಗಳಿಕೊಂಡು ತಿನ್ನುವ ಊರಿಗೆ ಬಂದಿದ್ದೇನೆ ಅನ್ನಿಸಿತು. ದಿನಚರಿಯಲ್ಲಿ ಬರೆದೆ: ಚಕ್ಕಲಿ ನಾಲ್ಕು, ಸದ್ದು ಸೊನ್ನೆ.

ನಾನು ಇಲ್ಲಿನ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೇನೆ. ಸೀಸೆಗೆ ಚೀಟಿ ಹಚ್ಚಿ, ತಾರೀಖು ಬರೆದು, ಲೆಕ್ಕ ಇಡುವುದೇ ಕೆಲಸ. ಹಾಗಾಗಿ ಊರಿನ ತಪ್ಪುಗಳನ್ನೂ ಲೆಕ್ಕ ಇಡತೊಡಗಿದೆ. ಇಲ್ಲಿ ಕುರುಕಲು ತಿಂಡಿ ಮಾರುವ ಅಂಗಡಿಗೆ 'ಕಾಂಡಿಮೆಂಟ್ಸ್' ಎನ್ನುತ್ತಾರೆ. ಬೀದಿಗೆರಡು ಇವೆ. ಎಲ್ಲದರ ಪೊಟ್ಟಣದ ಮೇಲೂ 'ಮನೆಯಲ್ಲೇ ಮಾಡಿದ್ದು' ಎಂಬ ಚೀಟಿ. ಯಾರ ಮನೆ ಎಂದು ಕೇಳಿದರೆ ಅಂಗಡಿಯವನು ನನ್ನನ್ನೇ ವಿಚಿತ್ರವಾಗಿ ನೋಡುತ್ತಾನೆ. ತಣಿಸಂದ್ರದ ಅಪಾರ್ಟ್‌ಮೆಂಟಿನಿಂದ ಬರುವ ಲ್ಯಾಬಿನ ಗೆಳತಿಯಂತೂ ಎಣ್ಣೆಯೇ ಇಲ್ಲದೆ ಬಿಸಿಗಾಳಿಯಲ್ಲಿ ಕೋಡುಬಳೆ ಮಾಡುತ್ತಾಳೆ. ಒಂದು ತಿಂದೆ. ಒಣಗಿದ ಹಗ್ಗಕ್ಕೆ ಖಾರ ಹಚ್ಚಿದ ಹಾಗಿತ್ತು.

ಬಾಡಿಗೆ ಹಿಡಿಯುವಾಗಲೇ ಗೌರಮ್ಮ ಹೇಳಿದ್ದರು: "ಮಾಂಸ ಮಾಡ್ಕೊ, ಮೀನು ಮಾಡ್ಕೊ, ನಂದೇನಿಲ್ಲ. ಎಣ್ಣೆ ಮಾತ್ರ ಇಡ್ಬೇಡ ಕಣಮ್ಮ. ಹೊಸ ಪೇಂಟು." ಗೋಡೆ ಚೆನ್ನಾಗಿರಲಿ ಎಂದು ಬಾಣಲೆ ಮೂಲೆಗೆ ಸೇರಿಸಿದ ಊರಿದು. ನಮ್ಮಲ್ಲಿ ಅಡುಗೆಮನೆಯ ಗೋಡೆ ಕಪ್ಪಾಗಿಲ್ಲದಿದ್ದರೆ ಆ ಮನೆಯವರು ಜಿಪುಣರು ಎಂದು ಅರ್ಥ.

ಅಕ್ಕ ರೇಣುಕಾ ನನಗಿಂತ ಮೊದಲೇ ಈ ಕಡೆ ಬಂದವಳು. ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾಗ ಚಿಕ್ಕಜಾಲದ ಹುಡುಗನನ್ನು ಮೆಚ್ಚಿ ಮದುವೆಯಾದಳು. ಆ ಮದುವೆಗೆ ಅವ್ವ ಬರಲಿಲ್ಲ, ಸಿಟ್ಟು. ಅಂದಿನಿಂದ ಅಕ್ಕನ ಅತ್ತೆ ಜಯಮ್ಮನ ಬಾಯಲ್ಲಿ ಅಕ್ಕ 'ತವರಿಲ್ದೋಳು'. ಹೊಲವೆಲ್ಲ ಸೈಟಾಗಿ, ಮನೆಯ ಮುಂದೆ ಎರಡು ಕಾರು ನಿಂತಿದ್ದರೂ ಜಯಮ್ಮ ಮಾತ್ರ ಸೊಸೆಯ ಮನೆಯವರನ್ನು ತೂಗುವುದು ರಾಗಿಯಲ್ಲಿ. "ಜೋಳ ತಿನ್ನೋರು. ಮುದ್ದೆ ನುಂಗಾಕೆ ಬರಾಕಿಲ್ಲ ಇವ್ಳಿಗೆ, ಅಗೀತಾಳೆ!" ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಅಕ್ಕನಿಗೆ ಏಳು ತಿಂಗಳಾದಾಗ ಅವ್ವನ ಸಿಟ್ಟು ಇಳಿಯಿತು. ಕುಬಸಕ್ಕೆ ಬರುತ್ತೇನೆ ಎಂದಳು. ಇಲ್ಲಿ ಸೀಮಂತ ಎನ್ನುವುದಕ್ಕೆ ನಮ್ಮಲ್ಲಿ ಕುಬಸ ಎನ್ನುತ್ತಾರೆ. ತವರಿನವರು ಹಸಿರು ಸೀರೆ ತರಬೇಕು, ತಮ್ಮ ಕೈಯಾರೆ ಮಾಡಿದ ಬುತ್ತಿ ತರಬೇಕು. ಉಂಡಿ, ಕರ್ಚಿಕಾಯಿ, ಎಲ್ಲಕ್ಕಿಂತ ಮೇಲೆ ಚಕ್ಕಲಿ. ಆದರೆ ಹೊರಡುವ ಮುಂಚೆ ಅವ್ವ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಉಂಡಿ, ಕರ್ಚಿಕಾಯಿಯನ್ನು ಊರಲ್ಲಿ ಚಿಕ್ಕಮ್ಮ ಮಾಡಿಕೊಟ್ಟಳು. ಚಕ್ಕಲಿ ನನ್ನ ಪಾಲಿಗೆ ಬಂತು.

ಅಕ್ಕ ಫೋನು ಮಾಡಿದಳು. "ಲೀಲಾ, ಅಂಗಡೀದು ತರಬ್ಯಾಡವಾ. ಇವರಿಗೆ ಕಚ್ಚಿದ ಕೂಡ್ಲೇ ಗೊತ್ತಾಗತೈತಿ. ನನಗೂ ತವರು ಐತಿ ಅಂತ ಒಂದ್ ಸಲ ತೋರಿಸಬೇಕು. ಒಂದ ಸಲ."

ಅಕ್ಕಿ, ಕಡಲೆಬೇಳೆ, ಉದ್ದಿನಬೇಳೆ, ಹೆಸರುಬೇಳೆ, ಕೊತ್ತಂಬರಿ ಬೀಜ, ಜೀರಿಗೆ. ಒಂದೊಂದನ್ನೂ ಬೇರೆಯಾಗಿ ಹುರಿದು, ಆರಿಸಿ, ಚೀಲಕ್ಕೆ ತುಂಬಿದೆ. ಗೌರಮ್ಮನ ಅಪ್ಪಣೆ ಪಡೆಯಲು ಅಡುಗೆಮನೆಯ ಗೋಡೆಗೆಲ್ಲ ಹಳೆಯ ಪೇಪರು ಅಂಟಿಸಿದೆ. ಉಳಿದದ್ದು ಗಿರಣಿ.

ಚಕ್ಕಲಿ ಹಿಟ್ಟಿಗೆ ಒಂದು ನೇಮವಿದೆ. ಗಿರಣಿಯಲ್ಲಿ ಅದಕ್ಕಿಂತ ಮುಂಚೆ ಯಾವ ಕಾಳು ಬಿದ್ದಿತ್ತೋ ಅದರ ಹಿಟ್ಟು ಕಲ್ಲಿನ ಸಂದಿಯಲ್ಲಿ ಉಳಿದಿರುತ್ತದೆ, ನಮ್ಮದರ ಜೊತೆ ಬರುತ್ತದೆ. ಆದ್ದರಿಂದ ಅಕ್ಕಿಯಾದ ಮೇಲೆಯೇ ಚಕ್ಕಲಿ ಹಿಟ್ಟು ಹಾಕಿಸಬೇಕು. ಗದಗಿನಲ್ಲಿ ಇದಕ್ಕಾಗಿ ಹೆಂಗಸರು ಗಿರಣಿಯ ಮುಂದೆ ಪಾಳಿ ಬಿಟ್ಟುಕೊಟ್ಟು ನಿಲ್ಲುತ್ತಾರೆ, ಜಗಳವನ್ನೂ ಆಡುತ್ತಾರೆ. ಇಲ್ಲಿ ಯಾರೂ ನಿಲ್ಲುವುದಿಲ್ಲ. ಚೀಲದ ಮೇಲೆ ಹೆಸರು ಬರೆದಿಟ್ಟು ಸ್ಕೂಟರ್ ಹತ್ತಿ ಹೋಗುತ್ತಾರೆ. ತಿನ್ನುವ ಹಿಟ್ಟನ್ನು ಕೊರಿಯರ್ ಪೊಟ್ಟಣದ ಹಾಗೆ ಬಿಟ್ಟುಹೋಗುವ ಈ ಜನರನ್ನು ಕಂಡು ನನಗೆ ಅಸಹ್ಯವಾಗುತ್ತಿತ್ತು.

ಅಂದು ಲ್ಯಾಬಿಗೆ ಹೊತ್ತಾಗಿತ್ತು. ಗಿರಣಿಯವನು "ಅಕ್ಕಿ ಆದ್ಮೇಲೆ ಹಾಕ್ತೀನಿ, ಇಟ್ಟೋಗಿ ಮೇಡಂ" ಎಂದ. ನಾನೂ ಚೀಲದ ಮೇಲೆ ಹೆಸರು ಬರೆದಿಟ್ಟು ಹೋದೆ.

ಕುಬಸದ ಹಿಂದಿನ ದಿನ ಎಣ್ಣೆ ಇಟ್ಟೆ. ಮೊದಲ ಸುತ್ತು ಬಾಣಲೆಗೆ ಬಿದ್ದು ಹಳೆಯ ಚಪ್ಪಲಿಯ ಬಣ್ಣಕ್ಕೆ ತಿರುಗಿತು. ಉರಿ ಇಳಿಸಿದೆ, ಎರಡನೆಯದೂ ಹಾಗೇ. ಕಚ್ಚಿದರೆ ಕಟುಮ್ ಎಂದಿತು, ಆದರೆ ಅಗಿದಂತೆ ಮುದ್ದೆಯ ವಾಸನೆ ಮೂಗಿಗೆ ಹತ್ತಿತು. ಮೂರನೆಯ ಸುತ್ತಿಗೆ ಅವ್ವನಿಗೆ ಫೋನು ಮಾಡಿದೆ.

"ಯಾವುದರ ಮ್ಯಾಲ ಹಾಕ್ಸಿದಿ?" ಅವ್ವ ಕೇಳಿದ್ದು ಅದೊಂದೇ.

"ಅಕ್ಕಿ ಮ್ಯಾಲ ಹಾಕ್ತೀನಿ ಅಂದಿದ್ದ."

"ಅಂದಿದ್ದ ಅಂದ್ರ? ನೀ ಎಲ್ಲಿ ಸತ್ತಿದ್ದಿ?"

ಹೊಸ ಕಾಳು ಹುರಿದು, ಬೀಸಿಸಿ, ಮತ್ತೆ ಮಾಡಲು ಹೊತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಗೋಡೆಯನ್ನೇ ಕಾಯುತ್ತಿದ್ದ ಗೌರಮ್ಮ ಉಪಾಯ ಹೇಳಿದರು: "ಕಾಂಡಿಮೆಂಟ್ಸಿಂದ ಎರಡು ಕೆಜಿ ತಂದು ನಿನ್ ಡಬ್ಬಿಗೆ ಹಾಕು. ಯಾರಿಗ್ ಗೊತ್ತಾಗುತ್ತೆ?"

ಆ ಬಿಳಿಚಿಕೊಂಡ, ಹಲ್ಲಿಗೆ ಹೆದರುವ ಚಕ್ಕುಲಿ ನನ್ನ ಅಕ್ಕನ ಮಡಿಲಲ್ಲಿ ತವರಿನ ಹೆಸರು ಹೇಳಿಕೊಂಡು ಕೂರುವುದೆ? ಕಪ್ಪಾದರೂ ನಮ್ಮದೇ ಹೋಗಲಿ ಎಂದುಕೊಂಡು ಉಳಿದ ಹಿಟ್ಟನ್ನೂ ಕರಿದೆ. ದಿನಚರಿಯಲ್ಲಿ: ಹನ್ನೊಂದು ಸುತ್ತು, ಎಲ್ಲವೂ ಕಪ್ಪು.

ಬೆಳಿಗ್ಗೆ ಯಶವಂತಪುರದಲ್ಲಿ ರೈಲಿಳಿದ ಅವ್ವ ಪ್ಲಾಟ್‌ಫಾರಂ ಮೇಲೆಯೇ ಡಬ್ಬಿ ತೆಗೆಸಿ ನೋಡಿದಳು. ಮುಚ್ಚಳವನ್ನು ಎಡಗೈಯಿಂದ ಗಟ್ಟಿಯಾಗಿ ಒತ್ತಿ ಮುಚ್ಚಿದಳು, ಒಳಗಿನದು ಹೊರಬಾರದಿರಲಿ ಎನ್ನುವಂತೆ.

ಚಿಕ್ಕಜಾಲದ ಮನೆಯ ತುಂಬ ಹೆಂಗಸರು. ಹಸಿರು ಸೀರೆ ಉಟ್ಟು ಕೂತಿದ್ದ ಅಕ್ಕ ನಮ್ಮ ಬುಟ್ಟಿಯನ್ನೇ ನೋಡುತ್ತಿದ್ದಳು. ಜಯಮ್ಮ ಎಲ್ಲರೆದುರು ಡಬ್ಬಿ ತೆರೆದರು.

"ಅಯ್ಯೋ, ಸೀದೋಗೈತಲ್ಲೇ!" ಎಂದಳು ಪಕ್ಕದವಳೊಬ್ಬಳು. ಯಾರೋ ಕಿಸಕ್ಕೆಂದರು. ಅಕ್ಕ ತಲೆ ತಗ್ಗಿಸಿದಳು.

ಜಯಮ್ಮ ಒಂದನ್ನು ಎತ್ತಿ ಕಚ್ಚಿದರು. ಕಟುಮ್ ಎಂಬ ಸದ್ದಿಗೆ ಆಡುತ್ತಿದ್ದ ಮಗುವೊಂದು ತಿರುಗಿ ನೋಡಿತು. ಅವರು ನಿಧಾನವಾಗಿ ಅಗಿದರು. ಮುದ್ದೆಯನ್ನು ಅಗಿಯಬಾರದೆಂದು ಉಪದೇಶಿಸುವ ಬಾಯಿ ಅದು.

"ಸೀದಿಲ್ಲ ಸುಮ್ಕಿರ್ರೇ. ರಾಗಿ ಐತೆ ಇದ್ರಾಗೆ. ನೋಡಿದ್ರಾ? ಜೋಳದೋರು ನಮ್ಮನೆ ರಾಗಿ ಬೆರೆಸಿ ತಂದವ್ರೆ! ಇಂಗೆ ಯಾವ ಬೀಗ್ತಿ ಮಾಡ್ತಾಳೆ?"

ಗಿರಣಿಯ ಸಂದಿಯಲ್ಲಿ ಉಳಿದ ಕಸವನ್ನು ಗೌರವ ಎಂದುಕೊಂಡ ಆ ಹೆಡ್ಡ ಸಂತೋಷಕ್ಕೆ ನನಗೆ ನಗು ಬಂತು. ಅವ್ವನ ಕಡೆ ನೋಡಿದೆ, ನಗು ನಿಂತಿತು. ಚಕ್ಕಲಿಗೆ ರಾಗಿ ಹಾಕಿದಳು ಎಂಬ ಮಾತು ಅವಳಿಗೆ ಕಳ್ಳತನದ ಆರೋಪಕ್ಕೆ ಸಮ. ಬಾಯಿ ತೆರೆದಳು. ಅಕ್ಕನೂ ಅವಳನ್ನೇ ನೋಡುತ್ತಿದ್ದಳು.

"ಹೌದ್ರಿ" ಎಂದಳು ಅವ್ವ. "ಕೂಸು ನಿಮ್ಮನೀದ ಅಲ್ಲೇನ್ರಿ? ನಿಮ್ಮ ಕಾಳು ನಮ್ಮ ಹಿಟ್ಟಿನ್ಯಾಗ ಬೆರೀಬೇಕಲ್ರಿ."

ಜಯಮ್ಮ ಅವ್ವನ ಮುರಿಯದ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ನೋಡವ್ವ ರೇಣುಕಾ, ನಿಮ್ಮವ್ವ ಬಂದವ್ರೆ, ನಿನ್ನ ತವರು!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅಕ್ಕ ಅತ್ತಳು. ಅವ್ವ ನನ್ನ ಕಿವಿಯ ಹತ್ತಿರ ಬಾಗಿ, "ನಾಯಿ ಸುದ್ದಾ ಮೂಸಂಗಿಲ್ಲ ಇದನ್ನ" ಎಂದಳು.

ಬಾಣಂತನಕ್ಕೆ ಅಕ್ಕ ಗದಗಿಗೆ ಹೋದಳು. ಹೆಣ್ಣುಮಗು. ತೊಟ್ಟಿಲ ಶಾಸ್ತ್ರಕ್ಕೆ ನಾನು ಹೊರಡುವ ಮುಂಚೆ ನನಗೆ ಜಯಮ್ಮನ ಫೋನು ಬಂತು: "ಆ ನಿಮ್ಮ ಗದಗಿನ ಚಕ್ಲಿ ಮಾಡ್ಸವ್ವ. ನಮ್ಮೋರೆಲ್ಲ ಅದಕ್ಕೇ ಬತ್ತಾವ್ರೆ." ನಮ್ಮ ಓಣಿಯ ಗಿರಣಿಯಲ್ಲಿ ಜೋಳ, ಗೋದಿ, ಅಕ್ಕಿಯೇ ಬೀಳುವುದು, ರಾಗಿಯನ್ನು ಕೇಳುವವರಿಲ್ಲ. ಯಲಹಂಕದ ಅದೇ ಗಿರಣಿಯಲ್ಲಿ, ಈ ಸಲ ಎದುರಿಗೇ ನಿಂತು, ರಾಗಿ ಹಿಟ್ಟು ಹಾಕಿಸಿಕೊಂಡು ಗದಗಿನ ರೈಲು ಹತ್ತಿದೆ. ಗದಗಿನ ಚಕ್ಕಲಿಗೆ ಹಿಟ್ಟು ಬೆಂಗಳೂರಿನಿಂದ!

ಅವ್ವ ಎರಡು ಡಬ್ಬಿ ತುಂಬಿಸಿದಳು. ಒಂದರಲ್ಲಿ ತನ್ನ ಕೆಂಪು ಚಕ್ಕಲಿ, ಒಂದರಲ್ಲಿ ಬೀಗರಿಗೆಂದು ಮಾಡಿಸಿದ ಕರಿಯದು. ಓಣಿಯ ಹೆಂಗಸರು ಕರಿಯದನ್ನು ಎತ್ತಿ ನೋಡಿ, "ಇದೇನಿದು, ಬೆಂಗಳೂರು ಚಕ್ಕಲಿ ಏನ? ನೀವೂ ಹಂಗ ಆದ್ರಿ ನೋಡ್ರಿ" ಎಂದು ನನ್ನನ್ನೂ ಅದರ ಜೊತೆಗೇ ಒಮ್ಮೆ ನೋಡಿ ವಾಪಸ್ ಇಟ್ಟರು.

ಅವರು ಹೋದ ಮೇಲೆ ಅವ್ವನ ಚಕ್ಕಲಿ ತಿಂದೆ. ಬಣ್ಣ ಸರಿ, ಖಾರ ಸರಿ, ಸದ್ದು ಸರಿ. ತಿಂದು ಮುಗಿಸಿದ ಮೇಲೂ ಬಾಯಿ ಏನನ್ನೋ ಕಾಯುತ್ತಿತ್ತು. ಏನೆಂದು ತಿಳಿದಾಗ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಅವ್ವ ಅತ್ತ ತಿರುಗಿದ್ದಾಗ ಇನ್ನೊಂದು ಡಬ್ಬಿಗೆ ಕೈ ಹಾಕಿದೆ.

ಕಟುಮ್ ಎಂದಿತು. ಅವ್ವ ತಿರುಗಿ ನೋಡಿದಳು.